ಒಪ್ಪತ್ತಿನ ದಿನ ಶುಗರ್ ಮಾತ್ರೆ: ತಾಯಿಯವರಿಗೆ 48ಕ್ಕೆ ಇಳಿದದ್ದು ಏಕೆ?

ಪ್ರಶ್ನೆ — ವಿದ್ಯಾನಗರದ ಓದುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರಿಗೆ 68 ವರ್ಷ. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ, ಅದಕ್ಕೂ ಮೊದಲಿನಿಂದ ಬಿ.ಪಿ. ಇದೆ. ವರ್ಷದ ಬಹುಭಾಗ ಜಗಳೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದು, ಶ್ರಾವಣಕ್ಕೆ ನಮ್ಮಲ್ಲಿಗೆ ಬರುವುದು ರೂಢಿ. ಶ್ರಾವಣ ಸೋಮವಾರಗಳಂದು ಅವರು ಒಪ್ಪತ್ತು ಇರುತ್ತಾರೆ. ಬೆಳಗಿನಿಂದ ನೀರು, ಬಹಳವೆಂದರೆ ಅರ್ಧ ಲೋಟ ಹಾಲು, ಸಂಜೆ ಪೂಜೆಯಾದ ಮೇಲೆಯೇ ಊಟ. ಮದುವೆಯಾದಂದಿನಿಂದ ಈ ನೇಮವನ್ನು ಅವರು ಬಿಟ್ಟವರಲ್ಲ.

ಕಳೆದ ಸೋಮವಾರ ಬೆಳಿಗ್ಗೆ ಎಂಟಕ್ಕೆ ಎಂದಿನಂತೆ ಮಾತ್ರೆ ನುಂಗಿ, ಏನನ್ನೂ ತಿನ್ನದೆ ಪೂಜೆಗೆ ಹೂ ಕಟ್ಟುತ್ತ ಕುಳಿತಿದ್ದರು. ಹನ್ನೊಂದರ ಸುಮಾರಿಗೆ ನನ್ನ ಹೆಂಡತಿ ಮಾತನಾಡಿಸಿದಾಗ ಸಂಬಂಧವಿಲ್ಲದ ಉತ್ತರ ಕೊಟ್ಟರು. ತೀರಿಕೊಂಡು ಹತ್ತು ವರ್ಷವಾಗಿರುವ ನಮ್ಮ ದೊಡ್ಡಪ್ಪನವರು ಊಟಕ್ಕೆ ಬಂದರೇ ಎಂದು ಕೇಳಿದರು. ರವಿಕೆ ತೊಯ್ದುಹೋಗುವಷ್ಟು ಬೆವರಿದ್ದರು. ಆದರೆ ಕೈ ನಡುಗುತ್ತಿರಲಿಲ್ಲ, ಎದೆ ಬಡಿದುಕೊಳ್ಳುತ್ತಿದೆ ಎಂದೂ ಅವರು ಹೇಳಲಿಲ್ಲ. ಹಾಗಾಗಿ ನಾವು ಪಿತ್ತವಿರಬೇಕೆಂದು ಭಾವಿಸಿ ನಿಂಬೆಹಣ್ಣು ಹುಡುಕುತ್ತ ಹತ್ತು ನಿಮಿಷ ಕಳೆದೆವು. ಆ ಹತ್ತು ನಿಮಿಷ ಈಗಲೂ ನನ್ನನ್ನು ಕಾಡುತ್ತಿದೆ. ಕೊನೆಗೆ ಗ್ಲುಕೋಮೀಟರಿನಲ್ಲಿ ನೋಡಿದರೆ 48. ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು, 96 ಆಯಿತು. ನೇಮ ಮುರಿಯುವುದಿಲ್ಲವೆಂದು ಊಟಕ್ಕೆ ಮಾತ್ರ ಒಪ್ಪಲಿಲ್ಲ. ಮಧ್ಯಾಹ್ನ ಮೂರಕ್ಕೆ ನೋಡಿದಾಗ ಮತ್ತೆ 61ಕ್ಕೆ ಬಂದಿತ್ತು. ಆಗ ನಾನೇ ಹಟ ಹಿಡಿದು ಮೊಸರನ್ನ ತಿನ್ನಿಸಿದೆ.

ಅವರು ತೆಗೆದುಕೊಳ್ಳುವುದು ಹೀಗಿದೆ. ಗ್ಲಿಮೆಪಿರೈಡ್ 2 ಮಿಲಿಗ್ರಾಂ ಹಾಗೂ ಮೆಟ್‌ಫಾರ್ಮಿನ್ ಎಸ್‌ಆರ್ 500 ಮಿಲಿಗ್ರಾಂ ಒಟ್ಟಿಗೆ ಸೇರಿದ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು; ಬಿ.ಪಿ.ಗೆ ಅಟೆನೊಲಾಲ್, ಇದಲ್ಲದೆ ಅವರು ‘ಊರಿನ ಮಾತ್ರೆ’ ಎಂದು ಕರೆಯುವ ಇನ್ನೊಂದು ಚಿಕ್ಕ ಮಾತ್ರೆಯನ್ನೂ ಬೆಳಿಗ್ಗೆಯೇ ನುಂಗುತ್ತಾರೆ. ಕಳೆದ ತಿಂಗಳ ವರದಿಯಲ್ಲಿ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.3, ಮೂತ್ರಪಿಂಡದ ಸ್ಥಿತಿಯನ್ನು ತೋರಿಸುವ ಕ್ರಿಯಾಟಿನಿನ್ 1.4 ಇತ್ತು. 6.3 ಕಂಡು ನಾವೆಲ್ಲರೂ ಸಂತೋಷಪಟ್ಟಿದ್ದೆವು.

ಉಪವಾಸದ ದಿನ ಮಾತ್ರೆಯನ್ನು ಬಿಡಬಹುದೇ ಅಥವಾ ಸಂಜೆಗೆ ಮುಂದೂಡಬಹುದೇ? ಸಕ್ಕರೆ ನೀರು ಕುಡಿದು ಸರಿಹೋದ ಮೇಲೂ ಮತ್ತೆ ಇಳಿದದ್ದು ಏಕೆ? ಮುಂದಿನ ಸೋಮವಾರದೊಳಗೆ ವೈದ್ಯರನ್ನು ಕಾಣುತ್ತೇವೆ; ಆದರೆ ಏನು ಕೇಳಬೇಕೆಂಬುದನ್ನು ತಿಳಿದುಕೊಂಡು ಹೋಗಬೇಕೆಂಬುದು ನನ್ನ ಆಸೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ — ಹರಿಹರದ ಓದುಗ

ನಿಮ್ಮ ತಾಯಿಯವರು ಚೇತರಿಸಿಕೊಂಡದ್ದು ಸಮಾಧಾನದ ವಿಷಯ. ನಮ್ಮ ಮನೆಯಲ್ಲಿ ಏಕಾದಶಿಯ ದಿನ ಇದೇ ಬಗೆಯ ಮಾತ್ರೆಯನ್ನು ಅರ್ಧಕ್ಕೆ ಮುರಿದು ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಕೊಡುತ್ತೇವೆ. ಇದುವರೆಗೆ ತೊಂದರೆಯಾಗಿಲ್ಲ. ನೀವೂ ಹಾಗೆ ಮಾಡಿ ನೋಡಬಹುದೆಂದು ನನಗೆ ತೋರುತ್ತದೆ.

ಉತ್ತರ — ಕೋಟೆನಾಡಿನ ಔಷಧಿ ಅಂಗಡಿಯವರು, ಚಿತ್ರದುರ್ಗ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಔಷಧಿ ಅಂಗಡಿ ನಡೆಸಿ ಈಗ ಮಗನಿಗೆ ಒಪ್ಪಿಸಿದ್ದೇನೆ. ನಾನು ವೈದ್ಯನಲ್ಲ, ಪ್ರಮಾಣವನ್ನು ಬದಲಿಸುವ ಮಾತು ವೈದ್ಯರದು. ಆದರೆ ಮಾತ್ರೆಯ ಗುಣವನ್ನು ಹೇಳುವುದು ನನ್ನ ವೃತ್ತಿಗೆ ಸೇರಿದ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ತಾಯಿಯವರ ಒಂದೇ ಮಾತ್ರೆಯೊಳಗೆ ಸ್ವಭಾವದಲ್ಲಿ ಪೂರ್ತಿ ಬೇರೆಯಾದ ಎರಡು ಔಷಧಿಗಳಿವೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತು ರಕ್ತಕ್ಕೆ ಬಿಡುವ ಸಕ್ಕರೆಯನ್ನು ತಗ್ಗಿಸುತ್ತದೆ. ಅದೊಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಸುರಿಸುತ್ತದೆ. ಆರೋಗ್ಯವಂತರ ದೇಹದಲ್ಲಿ ರಕ್ತದ ಸಕ್ಕರೆ ಏರಿದಾಗ ಇನ್ಸುಲಿನ್ ಬರುತ್ತದೆ, ಇಳಿದಾಗ ನಿಲ್ಲುತ್ತದೆ. ಗ್ಲಿಮೆಪಿರೈಡ್ ಒಳಗಿರುವಾಗ ಆ ತಡೆ ಸಡಿಲವಾಗುತ್ತದೆ. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ಅದು ಕಾಯುವುದಿಲ್ಲ. ಆದ್ದರಿಂದಲೇ ಇದನ್ನು ಬೆಳಗಿನ ತಿಂಡಿಯ ಜೊತೆಗೆ, ಅಥವಾ ದಿನದ ಮೊದಲ ಮುಖ್ಯ ಊಟದ ಜೊತೆಗೆ ತೆಗೆದುಕೊಳ್ಳಬೇಕೆಂದು ಹೇಳುವುದು. ನಮ್ಮ ಅಂಗಡಿಯಲ್ಲಿ ನಾನು ಹೇಳುತ್ತಿದ್ದ ಮಾತು ಇಷ್ಟೇ: ತಟ್ಟೆ ಮುಂದೆ ಬಂದ ಮೇಲೆ ಮಾತ್ರೆ ಬಾಯಿಗೆ ಬರಲಿ. ಎದ್ದ ಕೂಡಲೇ ಮಾತ್ರೆ ನುಂಗಿ, ತೋಟಕ್ಕೆ ಹೋಗಿ ಬಂದು ಹತ್ತು ಗಂಟೆಗೆ ರೊಟ್ಟಿ ತಿನ್ನುವ ಅಭ್ಯಾಸ ನಮ್ಮ ಕಡೆ ಬಹಳ ಮಂದಿಗಿದೆ. ಉಪವಾಸವಿಲ್ಲದೆಯೂ ಅವರಿಗೆ ಇದೇ ಗತಿಯಾದದ್ದನ್ನು ಕಂಡಿದ್ದೇನೆ.

ಮೂರು ಗಂಟೆಗೆ ಮತ್ತೆ ಇಳಿದದ್ದಕ್ಕೂ ಕಾರಣ ಇದೇ. ಗ್ಲಿಮೆಪಿರೈಡಿನ ಪ್ರಭಾವ ಸುಮಾರು 24 ಗಂಟೆಗಳವರೆಗೆ ಇರಬಲ್ಲದು. ಸಕ್ಕರೆ ನೀರು ಒಂದು ಗಂಟೆಯಲ್ಲಿ ಕರಗಿಹೋಗುತ್ತದೆ, ಮಾತ್ರೆ ಒಳಗೆ ಕೆಲಸ ಮುಂದುವರಿಸುತ್ತದೆ. ಹಾಗಾಗಿ ಸಕ್ಕರೆ ಕೊಟ್ಟು ಚೇತರಿಸಿಕೊಂಡ ಮೇಲೆ ಅನ್ನ, ರೊಟ್ಟಿ, ಮುದ್ದೆಯಂತಹ ಊಟ ಹೊಟ್ಟೆಗೆ ಹೋಗಲೇಬೇಕು. ಆ ರಾತ್ರಿಯೂ ಪರೀಕ್ಷಿಸುತ್ತಿರಬೇಕು. ನೀವು ಮೂರು ಗಂಟೆಗೆ ಮತ್ತೊಮ್ಮೆ ಬೆರಳು ಚುಚ್ಚಿ ನೋಡಿದ್ದು ಬಹಳ ಒಳ್ಳೆಯ ಕೆಲಸವಾಯಿತು.

ಹರಿಹರದವರ ಕಾಳಜಿಗೆ ನಮಸ್ಕರಿಸಿ, ಅವರ ಸಲಹೆಯನ್ನು ಮಾತ್ರ ಒಪ್ಪಲಾರೆ ಎಂದು ಹೇಳಬೇಕಾಗಿದೆ. ಎಸ್‌ಆರ್ ಎಂದು ಬರೆದಿರುವ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ನಿಧಾನವಾಗಿ, ಗಂಟೆಗಟ್ಟಲೆ ಬಿಡುಗಡೆಯಾಗುವಂತೆ ಕಟ್ಟಿರುತ್ತಾರೆ. ಇಂತಹ ಅನೇಕ ಮಾತ್ರೆಗಳು ಎರಡು ಪದರದವು, ಒಂದು ಪದರದಲ್ಲಿ ಗ್ಲಿಮೆಪಿರೈಡ್, ಇನ್ನೊಂದರಲ್ಲಿ ಮೆಟ್‌ಫಾರ್ಮಿನ್. ಮುರಿದರೆ, ಜಗಿದರೆ, ಪುಡಿ ಮಾಡಿದರೆ ಆ ಕಟ್ಟು ಕೆಡುತ್ತದೆ, ಅರ್ಧದಲ್ಲಿ ಯಾವುದು ಎಷ್ಟು ಹೋಯಿತೆಂಬ ಲೆಕ್ಕವೂ ಉಳಿಯುವುದಿಲ್ಲ. ಪ್ರಮಾಣ ತಗ್ಗಬೇಕಾದರೆ ಕಡಿಮೆ ಪ್ರಮಾಣದ ಬೇರೆ ಮಾತ್ರೆಯನ್ನೇ ವೈದ್ಯರಿಂದ ಬರೆಸಿಕೊಳ್ಳಬೇಕು.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ಆ ‘ಊರಿನ ಮಾತ್ರೆ’. ದಯವಿಟ್ಟು ಇಂದೇ ಅದರ ಪಟ್ಟಿಯನ್ನು (ಸ್ಟ್ರಿಪ್) ತಿರುವಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ದೊಡ್ಡದಾಗಿ ಅಚ್ಚಾಗಿರುವುದು ಕಂಪನಿ ಇಟ್ಟ ಹೆಸರು. ಅದು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಸಣ್ಣದಾಗಿ ಅಚ್ಚಾಗಿರುವುದು ಔಷಧಿಯ ನಿಜವಾದ ಹೆಸರು. ಜನೌಷಧಿ ಕೇಂದ್ರದಲ್ಲಿ ಕೊಂಡರೂ, ಬೇರೆಡೆ ಕೊಂಡರೂ ಅದು ಒಂದೇ ಆಗಿರುತ್ತದೆ. ಬಣ್ಣ, ಆಕಾರ, ಹೆಸರು ಬೇರೆಯಾಗಿರುವ ಎರಡು ಪಟ್ಟಿಗಳಲ್ಲಿ ಒಂದೇ ಔಷಧಿ ಇರುವುದು ಸರ್ವೇಸಾಮಾನ್ಯ, ಎರಡು ಕಡೆ ಚಿಕಿತ್ಸೆ ಪಡೆಯುವ ಹಿರಿಯರು ಎರಡನ್ನೂ ಶ್ರದ್ಧೆಯಿಂದ ನುಂಗುವುದೂ ಅಷ್ಟೇ ಸಾಮಾನ್ಯ. ಅದರಲ್ಲಿ ಗ್ಲಿಬೆನ್‌ಕ್ಲಮೈಡ್ ಎಂದೇನಾದರೂ ಇದ್ದರೆ ಇನ್ನೂ ಎಚ್ಚರಿಕೆ ಬೇಕು. ಅದು ಗ್ಲಿಮೆಪಿರೈಡಿನ ವರ್ಗದ್ದೇ ಆದ ಹಳೆಯ ಔಷಧಿ, 60 ದಾಟಿದವರಿಗೆ ತಕ್ಕದ್ದಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿಯೇ ಹೇಳಿದೆ. ಪಟ್ಟಿಯನ್ನು ಕತ್ತರಿಸಿ ಬಿಡಿ ಮಾತ್ರೆ ಕೊಳ್ಳುವಾಗ ಹೆಸರೂ ಅವಧಿಯ ದಿನಾಂಕವೂ ಇರುವ ತುದಿಯನ್ನು ಕೇಳಿ ಪಡೆಯಬೇಕು. ಹೆಸರಿಲ್ಲದ ನಾಲ್ಕು ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ತಂದು, ಇವು ಯಾವುವೆಂದು ನನ್ನನ್ನು ಕೇಳಿದವರಿಗೆ ನಾನು ಉತ್ತರ ಹೇಳಲಾಗದೆ ನೊಂದದ್ದಿದೆ.

ಹಾಗೆಯೇ ತಾಯಿಯವರು ಇತ್ತೀಚೆಗೆ ಮೂತ್ರದ ಸೋಂಕಿಗೋ ಶಿಲೀಂಧ್ರದ ತುರಿಕೆಗೋ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಫ್ಲುಕೊನಜೋಲ್, ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್ ಮುಂತಾದವು ಗ್ಲಿಮೆಪಿರೈಡಿನ ಜೊತೆ ಸೇರಿದಾಗ ಸಕ್ಕರೆ ಹೆಚ್ಚು ಇಳಿಯಬಹುದು.

ಉತ್ತರ — ಸಾಮಾನ್ಯ ವೈದ್ಯೆ, ದಾವಣಗೆರೆ

ಔಷಧಿ ಅಂಗಡಿಯ ಹಿರಿಯರು ಬರೆದಿರುವುದು ಸರಿಯಾಗಿದೆ. ರೋಗಿಯನ್ನು ನೋಡದೆ ನಾನು ಚಿಕಿತ್ಸೆ ಸೂಚಿಸಲಾರೆ. ಆದರೆ ನಿಮ್ಮ ಪ್ರಶ್ನೆಯಲ್ಲಿರುವ ಕೆಲವು ಅಂಶಗಳನ್ನು ನೀವು ವೈದ್ಯರ ಮುಂದೆ ಒಟ್ಟಿಗೆ ಇಡಬೇಕೆಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ಮೊದಲನೆಯದಾಗಿ ಕ್ರಿಯಾಟಿನಿನ್. 1.4 ಎಂದರೆ ಮಿತಿಗಿಂತ ಸ್ವಲ್ಪವಷ್ಟೇ ಹೆಚ್ಚು ಎಂದು ವರದಿ ಓದಿದವರಿಗೆ ಅನ್ನಿಸುತ್ತದೆ. ಆದರೆ ಮೂತ್ರಪಿಂಡ ಎಷ್ಟು ಶೋಧಿಸುತ್ತಿದೆ ಎಂಬುದನ್ನು ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಲೆಕ್ಕ ಹಾಕಬೇಕು. ಅದನ್ನೇ ಇಜಿಎಫ್‌ಆರ್ ಎನ್ನುತ್ತಾರೆ. 68 ವರ್ಷದ ಮಹಿಳೆಗೆ 1.4 ಇದ್ದರೆ ಅದು ಸುಮಾರು 41 ಆಗುತ್ತದೆ. ಮೆಟ್‌ಫಾರ್ಮಿನ್ ದೇಹದಲ್ಲಿ ಬದಲಾಗದೆ ಮೂತ್ರಪಿಂಡದ ಮೂಲಕವೇ ಹೊರಹೋಗುವ ಔಷಧಿ. ಇಜಿಎಫ್‌ಆರ್ 45ಕ್ಕಿಂತ ಕೆಳಗೆ ಬಂದಾಗ ಹೊಸದಾಗಿ ಆರಂಭಿಸುವುದಿಲ್ಲ, ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರಿಗೆ ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ. 30ಕ್ಕಿಂತ ಕೆಳಗಾದರೆ ನಿಲ್ಲಿಸಲೇಬೇಕು. ನಿಮ್ಮ ತಾಯಿಯವರು ಈಗಾಗಲೇ 1000ದ ಅಂಚಿನಲ್ಲಿದ್ದಾರೆ. ವಾಂತಿ ಭೇದಿಯಾಗಿ ದೇಹದ ನೀರು ಬತ್ತಿದ ದಿನಗಳಲ್ಲಿ ಮತ್ತು ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡುವ ಸಂದರ್ಭದಲ್ಲಿ ಇಂತಹವರು ಮೆಟ್‌ಫಾರ್ಮಿನ್ ತಡೆಹಿಡಿಯಬೇಕು. ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುವ ತೊಡಕು ವಿರಳವಾದರೂ ಪ್ರಾಣಾಂತಕ. ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದರಿಂದ ಅದನ್ನೂ ಒಮ್ಮೆ ಪರೀಕ್ಷಿಸಲು ಕೇಳಿಕೊಳ್ಳಿ. ಅಂಗಾಲು ಜುಮ್ಮೆನ್ನುವುದಕ್ಕೆಲ್ಲ ಸಕ್ಕರೆಯೇ ಕಾರಣವಾಗಿರುವುದಿಲ್ಲ.

ಗ್ಲಿಮೆಪಿರೈಡಿಗೂ ಮೂತ್ರಪಿಂಡಕ್ಕೂ ಸಂಬಂಧವಿದೆ. ಯಕೃತ್ತಿನಲ್ಲಿ ಅದು ಒಡೆದು ಉಂಟಾಗುವ ಒಂದು ವಸ್ತುವಿಗೂ ಸಕ್ಕರೆ ಇಳಿಸುವ ಗುಣ ಸ್ವಲ್ಪ ಇರುತ್ತದೆ, ಅದು ಮೂತ್ರದಲ್ಲಿ ಹೊರಹೋಗಬೇಕು. ಹಾಗಾಗಿ ಐದು ವರ್ಷದ ಹಿಂದೆ ಸರಿಯಾಗಿದ್ದ ಪ್ರಮಾಣ ಈಗ ಅತಿಯಾಗಿರಬಹುದು.

ಎರಡನೆಯದು ಅಟೆನೊಲಾಲ್. ಸಕ್ಕರೆ ಇಳಿದಾಗ ಎದೆ ಬಡಿತವನ್ನೂ ನಡುಕವನ್ನೂ ಹುಟ್ಟಿಸಿ ಎಚ್ಚರಿಸುವುದು ಅಡ್ರಿನಲಿನ್. ಈ ವರ್ಗದ ಬಿ.ಪಿ. ಮಾತ್ರೆಗಳು ಅದರ ಕೆಲಸವನ್ನೇ ತಡೆಯುತ್ತವೆ. ಬೆವರು ಮಾತ್ರ ಉಳಿಯುತ್ತದೆ. ನಿಮ್ಮ ತಾಯಿಯವರಲ್ಲಿ ನೀವು ಕಂಡದ್ದು ಅದನ್ನೇ, ಮತ್ತು ನಡುಕವಿಲ್ಲವೆಂದು ನೀವು ಪಿತ್ತ ಎಂದುಕೊಂಡದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಮುಂದೆ ಅಕಾರಣ ಬೆವರು, ಮಂಕು, ಅಸಂಬದ್ಧ ಮಾತು ಇವುಗಳಲ್ಲಿ ಯಾವುದೇ ಒಂದು ಕಂಡರೂ ಮೊದಲು ಬೆರಳು ಚುಚ್ಚಿ ನೋಡಿ. ಯಂತ್ರ ಕೈಗೆ ಸಿಗದಿದ್ದರೆ ಕಾಯದೆ ಸಕ್ಕರೆ ಕೊಡಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಗ್ಲುಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕೊಟ್ಟು, 15 ನಿಮಿಷದ ನಂತರ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಪೇಡೆ, ಚಾಕೊಲೇಟುಗಳಲ್ಲಿ ಕೊಬ್ಬು ಇರುವುದರಿಂದ ಅವು ನಿಧಾನ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಗ್ಲಿಮೆಪಿರೈಡಿನ ವರ್ಗದ ಮಾತ್ರೆಯಿಂದ ಹಿರಿಯರಿಗೆ 48ಕ್ಕೆ ಇಳಿದು ಮಾತು ತಪ್ಪಿದ್ದರೆ, ಚೇತರಿಸಿಕೊಂಡ ಮೇಲೂ ಅದೇ ದಿನ ಆಸ್ಪತ್ರೆಯಲ್ಲಿ ತೋರಿಸುವುದು ಒಳ್ಳೆಯದು.

ಎಚ್‌ಬಿಎ1ಸಿ 6.3 ಕಂಡು ಸಂತೋಷಪಟ್ಟಿರಿ. ನಾನಾಗಿದ್ದರೆ ಆತಂಕಪಡುತ್ತಿದ್ದೆ. ಹೀಗೆ ಇನ್ಸುಲಿನ್ ಸುರಿಸುವ ಮಾತ್ರೆಯ ಮೇಲಿರುವ, ಮೂತ್ರಪಿಂಡ ಕುಗ್ಗಿರುವ ಹಿರಿಯರಿಗೆ 7.5 ಅಥವಾ 8ರ ಆಸುಪಾಸಿನ ಗುರಿ ಸಾಕು, 6.3 ಎಂದರೆ ದಿನದ ಯಾವುದೋ ಹೊತ್ತಿನಲ್ಲಿ, ಬಹುಶಃ ನಸುಕಿನಲ್ಲಿ, ಗೊತ್ತಾಗದಂತೆ ಸಕ್ಕರೆ ಇಳಿಯುತ್ತಿರಬಹುದು. ಬೆಳಿಗ್ಗೆ ಎದ್ದಾಗ ತಲೆನೋವು, ತೊಯ್ದ ಹಾಸಿಗೆ, ಕೆಟ್ಟ ಕನಸು ಇವೆಯೇ ಎಂದು ಅವರನ್ನು ವಿಚಾರಿಸಿ.

ಉಪವಾಸದ ಬಗ್ಗೆ ನೇರವಾಗಿ ಹೇಳುವುದಾದರೆ, ನೇಮವನ್ನು ಬಿಡಿ ಎಂದು ನಾನು ರೋಗಿಗಳಿಗೆ ಮೊದಲೇ ಹೇಳುವುದಿಲ್ಲ. ಹಾಗೆ ಹೇಳಿದರೆ ಅವರು ನಮಗೆ ತಿಳಿಸದೆ ಉಪವಾಸ ಮಾಡುತ್ತಾರೆ. ರಂಜಾನ್ ಉಪವಾಸ ಮಾಡುವ ಮಧುಮೇಹಿಗಳಿಗೆ ವೈದ್ಯಲೋಕ ವರ್ಷಗಳಿಂದ ಅನುಸರಿಸುತ್ತಿರುವ ಕ್ರಮ ಒಪ್ಪತ್ತಿನವರಿಗೂ ಉಪಯುಕ್ತವಾಗಿದೆ: ಉಪವಾಸಕ್ಕೆ ಕೆಲವು ವಾರಗಳ ಮೊದಲೇ ವೈದ್ಯರನ್ನು ಕಂಡು ಮಾತ್ರೆಯನ್ನು ಹೊಂದಿಸಿಕೊಳ್ಳುವುದು, ಉಪವಾಸದ ನಡುವೆ ಬೆರಳು ಚುಚ್ಚಿ ನೋಡುವುದು, 70ಕ್ಕಿಂತ ಇಳಿದರೆ ಅಥವಾ 300ಕ್ಕಿಂತ ಏರಿದರೆ ಆ ಕ್ಷಣವೇ ಉಪವಾಸ ಬಿಡುವುದು. ಗ್ಲಿಮೆಪಿರೈಡ್ ಮುಂದುವರಿಸಲೇಬೇಕಾದಲ್ಲಿ ಅದನ್ನು ಸಾಮಾನ್ಯವಾಗಿ ಉಪವಾಸ ಬಿಡುವ ಊಟದ ಜೊತೆಗೆ, ಹಲವು ಬಾರಿ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಆದರೆ ಬೆಳಗಿನದನ್ನೂ ರಾತ್ರಿಯದನ್ನೂ ಸೇರಿಸಿ ಸಂಜೆಗೆ ಎರಡು ಮಾತ್ರೆ ನುಂಗುವ ತಪ್ಪನ್ನು ಎಂದಿಗೂ ಮಾಡಬೇಡಿ. ನಿಮ್ಮ ತಾಯಿಯವರ ವಿಷಯದಲ್ಲಿ ಮಾತ್ರೆಗಳ ಮರುಪರಿಶೀಲನೆ ಆಗುವವರೆಗೆ ಒಪ್ಪತ್ತು ಬೇಡ ಎಂಬುದು ನನ್ನ ಅಭಿಪ್ರಾಯ, ಸೋಮವಾರದವರೆಗೆ ಕಾಯದೆ ನಾಳೆಯೇ ವೈದ್ಯರನ್ನು ಕಾಣಿರಿ.

ಉತ್ತರ — ಚಳ್ಳಕೆರೆಯ ಗೃಹಿಣಿ

ನಮ್ಮ ಮಾವನವರ ವಿಷಯದಲ್ಲಿ ಆದದ್ದನ್ನು ಹೇಳದಿದ್ದರೆ ನನಗೆ ಸಮಾಧಾನವಾಗದು. ಅವರ ಮಾತ್ರೆಯಲ್ಲಿ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಜೊತೆಗೆ ವೊಗ್ಲಿಬೋಸ್ ಎಂಬ ಮೂರನೆಯ ಔಷಧಿಯೂ ಸೇರಿತ್ತು. ನಾಯಕನಹಟ್ಟಿ ಜಾತ್ರೆಗೆ ಬಿಸಿಲಿನಲ್ಲಿ ನಡೆದುಹೋಗಿ, ಊಟ ತಡವಾಗಿ, ದಾರಿಯಲ್ಲೇ ಸಕ್ಕರೆ ಇಳಿಯಿತು. ಬೆಲ್ಲ ತಿನ್ನಿಸಿದೆವು, ಸಕ್ಕರೆ ಪಾನಕ ಎರಡು ಸಲ ಕುಡಿಸಿದೆವು. ಏರಬೇಕಾದಷ್ಟು ಬೇಗ ಏರಲೇ ಇಲ್ಲ. ಆಸ್ಪತ್ರೆಗೆ ಸೇರಿಸಿ ರಕ್ತನಾಳಕ್ಕೆ ಗ್ಲುಕೋಸ್ ಕೊಟ್ಟ ಮೇಲೆ ಎಚ್ಚರವಾದರು. ಅಲ್ಲಿದ್ದ ನರ್ಸ್ ಅಮ್ಮನವರು ವಿವರಿಸಿದರು: ವೊಗ್ಲಿಬೋಸ್ ಕರುಳಿನಲ್ಲಿ ಸಕ್ಕರೆ, ಬೆಲ್ಲ, ಅನ್ನ ಒಡೆಯುವುದನ್ನೇ ನಿಧಾನಗೊಳಿಸುವ ಔಷಧಿ, ಆದ್ದರಿಂದ ಅಡುಗೆಮನೆಯ ಸಕ್ಕರೆ ಆ ಹೊತ್ತಿಗೆ ಕೈಹಿಡಿಯದು, ಒಡೆಯುವ ಅಗತ್ಯವೇ ಇಲ್ಲದ ಗ್ಲುಕೋಸ್ ಪುಡಿಯನ್ನೇ ಕೊಡಬೇಕು. ಆ ಮಾತನ್ನು ಅದಕ್ಕೂ ಮೊದಲು ನಮಗೆ ಯಾರೂ ಹೇಳಿರಲಿಲ್ಲ.

ಈಗ ಮೂರು ಮೂರು ಚಮಚ ಗ್ಲುಕೋಸ್ ಪುಡಿಯ ಪೊಟ್ಟಣಗಳನ್ನು ದೇವರ ಗೂಡಿನ ಪಕ್ಕ, ಮಾವನವರ ಅಂಗಿಯ ಜೇಬು, ನನ್ನ ಚೀಲ ಈ ಮೂರೂ ಕಡೆ ಇಟ್ಟಿದ್ದೇನೆ. ನಿಮ್ಮ ಊರಿನ ಮಾತ್ರೆಯಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಹೆಸರಿದೆಯೇ ಎಂದೂ ನೋಡಿರಿ.

ಪ್ರಶ್ನೆ ಕೇಳಿದವರ ಮರುಬರಹ — ವಿದ್ಯಾನಗರದ ಓದುಗ, ದಾವಣಗೆರೆ

ನಿಮ್ಮೆಲ್ಲರ ಉಪಕಾರವನ್ನು ನಾನು ಮರೆಯಲಾರೆ. ಔಷಧಿ ಅಂಗಡಿಯವರು ಬರೆದದ್ದನ್ನು ಓದಿದ ಕೂಡಲೇ ಅವ್ವನ ಡಬ್ಬಿಯನ್ನು ತೆರೆದು ಸಣ್ಣ ಅಕ್ಷರಗಳನ್ನು ಮೊಬೈಲಿನ ಬೆಳಕಿನಲ್ಲಿ ಓದಿದೆ. ಊರಿನ ಮಾತ್ರೆ ಎಂದರೆ ಗ್ಲಿಮೆಪಿರೈಡ್ 1 ಮಿಲಿಗ್ರಾಂ. ಕಳೆದ ಸುಗ್ಗಿಯ ಕಾಲದಲ್ಲಿ ಸಕ್ಕರೆ ಏರಿದೆಯೆಂದು ಅಲ್ಲಿ ಕೊಟ್ಟಿದ್ದರಂತೆ. ದಾವಣಗೆರೆಯಲ್ಲಿ ಪ್ರಮಾಣ ಹೆಚ್ಚಿಸಿದ ಮೇಲೂ ಅದನ್ನು ಅವ್ವ ಬಿಟ್ಟಿರಲಿಲ್ಲ. ಎರಡೂ ಕಡೆಯವರಿಗೆ ಇನ್ನೊಂದು ಕಡೆಯ ಚೀಟಿ ತೋರಿಸಿರಲಿಲ್ಲ; ಕೇಳಿದವರೂ ಇಲ್ಲ. ದಿನಕ್ಕೆ 4 ಎಂದುಕೊಂಡಿದ್ದದ್ದು 5 ಆಗಿತ್ತು, ಅದರಲ್ಲಿ 3 ಮಿಲಿಗ್ರಾಂ ಸೋಮವಾರ ಖಾಲಿ ಹೊಟ್ಟೆಗೆ ಬಿದ್ದಿತ್ತು.

ಮರುದಿನವೇ ಎಲ್ಲ ಪಟ್ಟಿಗಳನ್ನೂ ವರದಿಗಳನ್ನೂ ಚೀಲದಲ್ಲಿ ಹಾಕಿಕೊಂಡು ವೈದ್ಯರಲ್ಲಿಗೆ ಹೋದೆವು. ಇಜಿಎಫ್‌ಆರ್ 41 ಎಂದೇ ಅವರೂ ಲೆಕ್ಕ ಹಾಕಿದರು. ಗ್ಲಿಮೆಪಿರೈಡನ್ನು ಪೂರ್ತಿ ನಿಲ್ಲಿಸಿ, ಮೆಟ್‌ಫಾರ್ಮಿನ್ 500 ಅನ್ನು ರಾತ್ರಿಯ ಊಟದ ಜೊತೆ ಒಂದಕ್ಕೆ ಇಳಿಸಿ, ಲಿನಾಗ್ಲಿಪ್ಟಿನ್ 5 ಮಿಲಿಗ್ರಾಂ ದಿನಕ್ಕೊಂದು ಬರೆದುಕೊಟ್ಟಿದ್ದಾರೆ. ಮೂತ್ರಪಿಂಡ ಕುಗ್ಗಿದ್ದರೂ ಅದರ ಪ್ರಮಾಣವನ್ನು ಬದಲಿಸಬೇಕಿಲ್ಲ, ಅದು ತಾನಾಗಿ ಸಕ್ಕರೆಯನ್ನು ಅಪಾಯಕ್ಕೆ ಇಳಿಸುವುದೂ ವಿರಳ ಎಂದು ತಿಳಿಸಿದರು. ಅಟೆನೊಲಾಲ್ ಬದಲಿಗೆ ಬೇರೆ ಮಾತ್ರೆಯನ್ನು ಮುಂದಿನ ಭೇಟಿಯಲ್ಲಿ ಯೋಚಿಸುವುದಾಗಿಯೂ, ಅದನ್ನು ನಾವಾಗಿ ಹಠಾತ್ತನೆ ನಿಲ್ಲಿಸಬಾರದೆಂದೂ ಹೇಳಿದರು.

ಈ ಸೋಮವಾರ ಅವ್ವ ಒಪ್ಪತ್ತು ಇರಲಿಲ್ಲ. ಮುಂದಿನ ಸೋಮವಾರ ಇರುತ್ತೇನೆಂದು ವೈದ್ಯರ ಎದುರಿಗೇ ಹೇಳಿ, ಮೂರು ಸಲ ಬೆರಳು ಚುಚ್ಚಿಸಿಕೊಳ್ಳಲು ಒಪ್ಪಿ, ಅನುಮತಿ ಪಡೆದಿದ್ದಾರೆ. ಬೆಳಗಿನ ಸಕ್ಕರೆ ಈ ವಾರ 118ರಿಂದ 146ರವರೆಗೆ ಇದೆ. ನಸುಕಿನ ತಲೆನೋವು ಹೋಗಿದೆಯೆಂದು ಅವರೇ ಹೇಳಿದರು. ಅದು ಇತ್ತೆಂಬುದೇ ನಮಗೆ ತಿಳಿದಿರಲಿಲ್ಲ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಗ್ಲಿಮೆಪಿರೈಡ್ ಇರುವ ನಾಲ್ಕು ಪಟ್ಟಿಗಳು ಹಾಗೆಯೇ ಉಳಿದಿವೆ. ನಮ್ಮ ನೆರೆಮನೆಯವರಿಗೂ ಸಕ್ಕರೆ ಕಾಯಿಲೆಯಿದೆ, ಬಡವರು. ಅವರಿಗೆ ಕೊಡಬಹುದೇ?

ಉತ್ತರ — ಕೋಟೆನಾಡಿನ ಔಷಧಿ ಅಂಗಡಿಯವರು, ಚಿತ್ರದುರ್ಗ

ಕೊಡಬೇಡಿ. ಅವರ ಮೂತ್ರಪಿಂಡ ಹೇಗಿದೆ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂಬುದು ನಿಮಗೂ ತಿಳಿಯದು, ನನಗೂ ತಿಳಿಯದು. ಅವರಿಗೆ ಸಹಾಯ ಮಾಡಬೇಕೆಂದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸಕ್ಕರೆ, ಬಿ.ಪಿ.ಯಂತಹ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್‌ಗೆ ಒಮ್ಮೆ ಜೊತೆಯಲ್ಲಿ ಹೋಗಿ ಬನ್ನಿ. ಅಲ್ಲಿ ತಪಾಸಣೆ ಮಾಡಿ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ಉಳಿದ ಪಟ್ಟಿಗಳನ್ನು ಕೊಂಡ ಅಂಗಡಿಯವರಿಗೆ ತೋರಿಸಿ. ಹಿಂದಕ್ಕೆ ಪಡೆಯದಿದ್ದರೆ ಮಾತ್ರೆಗಳನ್ನು ಬಿಡಿಸಿ, ಬಳಸಿದ ಚಹಾಪುಡಿಯೊಂದಿಗೆ ಕಲಸಿ, ಕಟ್ಟಿ ಕಸಕ್ಕೆ ಹಾಕಿರಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಮಾತ್ರೆ ಒಂದೇ ಒಂದು ಕೈಗೆ ಸಿಕ್ಕರೂ ಅಪಾಯ.

ಊರಿನಲ್ಲಿ ತಮ್ಮನವರ ಮನೆಯ ಕಪಾಟಿನಲ್ಲಿಯೂ ಆ 1 ಮಿಲಿಗ್ರಾಮಿನ ಪಟ್ಟಿ ಇನ್ನೊಂದು ಇರುವ ಸಾಧ್ಯತೆಯಿದೆ. ತಾಯಿಯವರು ಜಗಳೂರಿನ ಕಡೆಗೆ ಮರಳುವ ಮೊದಲೇ ಅದನ್ನು ತೆಗೆಸಿಬಿಡಿ, ಹೊಸ ಚೀಟಿಯ ನಕಲನ್ನು ತಮ್ಮನವರ ಕೈಗೂ ಕೊಡಿ.